ಗಾರೆ ಗೋಡೆಗೆ ಸಿಮೆಂಟು ಬಳಿಸಿದ ವರ್ಷ

ಆಡಳಿತಗಾರರಿಗಾಗಿ ಕಟ್ಟಿದ ಹಳೆಯ ಮನೆಯನ್ನು ದುರಸ್ತಿ ಮಾಡುವವನು ಮೊದಲು ಅದರ ವಯಸ್ಸನ್ನು ತಿಳಿದುಕೊಳ್ಳಬೇಕು, ಅದೂ ಒಂದೊಂದು ಗೋಡೆಯದನ್ನು ಬೇರೆ ಬೇರೆಯಾಗಿ. ನಮ್ಮ ಮಡಿಕೇರಿ ಕೋಟೆಯ ಅರಮನೆಯನ್ನೇ ನೋಡಿ: ಲಿಂಗರಾಜೇಂದ್ರನು 1812ರಿಂದ 1814ರ ನಡುವೆ ಕಟ್ಟಿಸಿದ ಆ ಕಟ್ಟಡ 1834ರಲ್ಲಿ ಬ್ರಿಟಿಷರ ಕೈಸೇರಿತು, ಗಡಿಯಾರದ ಗೋಪುರವೂ ಕಮಿಷನರರ ಕಾರು ನಿಲ್ಲಿಸುವ ಪೋರ್ಟಿಕೋವೂ ಅದಕ್ಕೆ ಸೇರಿದ್ದು 1933ರಲ್ಲಿ. ಮೈಸೂರು ಮತ್ತು ಕೊಡಗುಗಳ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1840ರ ದಶಕದ ಆರಂಭದಲ್ಲಿ ವಾಸಕ್ಕೆ ಮನೆ ಕಟ್ಟಿಸಿಕೊಂಡದ್ದು ಬೆಂಗಳೂರಿನಲ್ಲಿ. ಇಂದಿನ ರಾಜಭವನ ಅದೇ. ಇಲ್ಲಿ ಉಳಿದ ಅಧಿಕಾರಿಗಳ ಪಾಲಿಗೆ ಬಂದದ್ದು ಗುಡ್ಡದ ಮೇಲಿನ ಹೆಂಚಿನ ಬಂಗಲೆಗಳು.

ಅಂಥದೊಂದು ಬಂಗಲೆಯ ನಿರ್ವಹಣೆ ನನಗೆ ವಹಿಸಲ್ಪಟ್ಟಾಗ ನಾನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಮುಂಭಾಗದ ಕೋಣೆಗಳು ಸುಣ್ಣದ ಗಾರೆಯವು, ಹಿಂಭಾಗದವು ಬಹಳ ಕಾಲದ ನಂತರ ಸಿಮೆಂಟಿನಲ್ಲಿ ಸೇರಿಸಿದವು. ಎಸ್ಟಿಮೇಟಿನಲ್ಲಿ ನಾನು ಇವೆರಡನ್ನೂ ಒಂದೇ ಸಾಲಿನಲ್ಲಿ ಬರೆದೆ. ಹಣ ಮಂಜೂರಾದದ್ದು ಫೆಬ್ರವರಿ ಕೊನೆಗೆ, ಮಾರ್ಚ್ 31ರೊಳಗೆ ಬಿಲ್ಲು ಆಗಬೇಕಿತ್ತು. ಸುಣ್ಣವನ್ನು ನೀರಿನಲ್ಲಿ ವಾರಗಟ್ಟಲೆ ಕೊಳೆಹಾಕಿ, ತೆಳುವಾಗಿ ಪದರ ಪದರವಾಗಿ ಬಳಿದು, ನಿಧಾನವಾಗಿ ಗಟ್ಟಿಯಾಗಲು ಬಿಡುವಷ್ಟು ಸಮಯವಿರಲಿಲ್ಲವಾದ್ದರಿಂದ ಎಲ್ಲಕ್ಕೂ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆ.

ವಯಸ್ಸಾದ ಮೇಸ್ತ್ರಿಯೊಬ್ಬರು ಅಂದೇ ಹೇಳಿದ್ದರು: "ಸಾರ್, ಸಿಮೆಂಟು ನೀರು ಒಳಗೆ ಬರೋದನ್ನ ಪೂರ್ತಿ ತಡೆಯಲ್ಲ, ಹೊರಗೆ ಹೋಗೋದನ್ನ ತಡೆಯುತ್ತೆ."

ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಮಾತು ಗೋಡೆಯ ಮೇಲೆ ಕಾಣಿಸಿತು. ಕೂದಲೆಳೆಯಂಥ ಬಿರುಕುಗಳಿಂದ ಒಳಗಿಳಿದ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆನೀರು ಆರಲು ದಾರಿಯಿಲ್ಲದೆ ಗಾರೆಯಲ್ಲೇ ನಿಂತಿತ್ತು. ಒಳಬದಿಯಲ್ಲಿ ಬಣ್ಣ ಗುಳ್ಳೆಗಟ್ಟಿ, ಬೆರಳಿಟ್ಟರೆ ಉಪ್ಪಿನ ಬಿಳಿ ಪುಡಿ ಉದುರುತ್ತಿತ್ತು. ಅಟ್ಟಕ್ಕೆ ಹತ್ತಿ, ಗೋಡೆಯೊಳಗೆ ಕೂತಿದ್ದ ತೊಲೆಯ ತುದಿಗೆ ಸ್ಕ್ರೂಡ್ರೈವರ್ ಒತ್ತಿದೆ. ಅದು ಹಿಡಿಯವರೆಗೂ ಸಲೀಸಾಗಿ ಇಳಿಯಿತು. ನೂರು ವರ್ಷ ಹೆಂಚಿನ ಮಾಡು ಹೊತ್ತ ಮರ ನನ್ನ ಎರಡು ವರ್ಷದ ಪ್ಲಾಸ್ಟರಿಗೆ ಮೆತ್ತಗಾಗಿತ್ತು. ಆ ದಿನ ಬಹಳ ಹೊತ್ತು ನಾನು ಕೆಳಗಿಳಿಯಲಿಲ್ಲ.

ಸಿಮೆಂಟನ್ನು ಕಿತ್ತು, ಗೋಡೆ ಚೆನ್ನಾಗಿ ಆರಿದ ಮೇಲೆ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಸೇರಿಸಿ ಅದೇ ಮೇಸ್ತ್ರಿಯ ಕೈಯಲ್ಲಿ ಗಾರೆ ಮಾಡಿಸಿದೆವು. ಆ ಕೆಲಸವನ್ನು ಡಿಸೆಂಬರಿನಲ್ಲೇ ಆರಂಭಿಸಬೇಕು, ತಡವಾದರೆ ಹಸಿ ಗಾರೆಗೆ ಮಳೆ ಸಿಗುತ್ತದೆ ಎಂದು ಮೇಲಿನವರಿಗೆ ಕಾರಣಸಹಿತ ಟಿಪ್ಪಣಿ ಬರೆದು ಹಣವನ್ನು ಮುಂಚೆಯೇ ಕೇಳಿದೆ. ಒಪ್ಪಿಗೆ ಸಿಗಲು ಎರಡು ಸಲ ಬರೆಯಬೇಕಾಯಿತು. ಈಗ ನನ್ನ ಎಸ್ಟಿಮೇಟಿಗೆ ಪ್ರತಿ ಗೋಡೆಯ ಕಾಲವನ್ನೂ ಗಾರೆಯ ಬಗೆಯನ್ನೂ ಗುರುತಿಸಿದ ಒಂದು ನಕ್ಷೆ ಲಗತ್ತಾಗಿರುತ್ತದೆ. ಮೇ ತಿಂಗಳಲ್ಲಿ ಟಾರ್ಚ್ ಹಿಡಿದು ಅಟ್ಟ ಹತ್ತುತ್ತೇನೆ, ಒಡೆದ ಹೆಂಚನ್ನೂ ಎರಡು ಮಾಡು ಕೂಡುವಲ್ಲಿನ ತಗಡಿನ ದೋಣಿಯಲ್ಲಿ ತುಂಬಿದ ಎಲೆಯನ್ನೂ ತೆಗೆಸುತ್ತೇನೆ, ತೊಲೆಗಳ ತುದಿಯನ್ನು ಒಂದೊಂದಾಗಿ ಒತ್ತಿ ನೋಡುತ್ತೇನೆ.