ಬೆರಳು ಒಂದು ಪುಟ ಹಿಂದಿತ್ತು

"ಹಾಗಾದರೆ ಟೀಚರ್, ಸ್ವಾಮಿಗೂ ಕಂಠಪಾಠವಾಗಿತ್ತೇ?"

ಕಳೆದ ಭಾನುವಾರದಿಂದ ಈ ಮಾತು ನನ್ನನ್ನು ಬಿಟ್ಟಿಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ನಿಂತಿರುವಾಗ, ರಾತ್ರಿ ದೀಪ ಆರಿಸಿದ ಮೇಲೆ ಮತ್ತೆ ಕೇಳಿಸುತ್ತದೆ. ಕೇಳಿದವರು ನಮ್ಮ ಚರ್ಚಿನ ಸಭೆಯ ಹಿರಿಯ ಹೆಂಗಸು. ಅವರ ಬಾಯಲ್ಲಿ ಸ್ವಾಮಿ ಎಂದರೆ ಯೇಸು. ನಾನು ಅಮ್ಮ ಎಂದೇ ಕರೆಯುವುದು.

ಆರಾಧನೆ ಮುಗಿದಿತ್ತು. ಸಂಡೇ ಸ್ಕೂಲಿನ ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಅಮ್ಮ ಎಂದಿನಂತೆ ಮೂರನೆಯ ಬೆಂಚಿನಲ್ಲಿ ಸತ್ಯವೇದ, ಅಂದರೆ ಬೈಬಲ್, ತೆರೆದು ಕುಳಿತಿದ್ದರು. ನಾನು ಪಕ್ಕದಲ್ಲಿ ಕುಳಿತೆ. ಅವರ ಬಾಯಿ ಮೆಲ್ಲಗೆ ಹೇಳುತ್ತಿತ್ತು: "ಯೆಹೋವನು ನನಗೆ ಕುರುಬನು, ಕೊರತೆಪಡೆನು." ತೋರುಬೆರಳು ಸಾಲಿನ ಕೆಳಗೆ ನಿಧಾನವಾಗಿ ಸರಿಯುತ್ತಿತ್ತು, ಸಾಲು ಮುಗಿದಲ್ಲಿ ಹಿಂದಿರುಗಿ ಮುಂದಿನ ಸಾಲಿಗೆ ಇಳಿಯುತ್ತಿತ್ತು. ಆದರೆ ಬೆರಳಿದ್ದದ್ದು ಸತ್ಯವೇದದ ಪ್ರಾರ್ಥನಾಗೀತೆಗಳಾದ ಕೀರ್ತನೆಗಳಲ್ಲಿ 22ನೆಯದರ ಮೇಲೆ. ಬಾಯಿ 23ನೆಯದನ್ನು ಹೇಳುತ್ತಿತ್ತು.

ಪುಟ ತಪ್ಪಿರಬೇಕು ಎಂದುಕೊಂಡು, "ಅಮ್ಮ, ಅದು ಮುಂದಿನ ಪುಟದಲ್ಲಿದೆ" ಎಂದು ಕೈ ಚಾಚಿದೆ. ಅವರು ಪುಸ್ತಕವನ್ನು ಅರ್ಧ ಮುಚ್ಚಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಅಕ್ಷರ ಬರುವುದಿಲ್ಲ ಟೀಚರ್. ಮಗಳು ಗುರುತಿಗೆ ಕೆಂಪು ನೂಲು ಇಟ್ಟುಕೊಟ್ಟಿದ್ದಳು. ಜಾರಿರಬೇಕು" ಎಂದರು.

ಹನ್ನೆರಡು ವರ್ಷಗಳಿಂದ ನಾನು ಆ ಬೆಂಚಿನ ಆಸುಪಾಸಿನಲ್ಲಿ ಕುಳಿತಿದ್ದೇನೆ. ಹಾಡಿನ ಪುಸ್ತಕ ಅವರ ಕೈಗೆ ಕೊಟ್ಟಿದ್ದೇನೆ. ಸಭೆಯ ಸೂಚನಾಪತ್ರ ಕೊಟ್ಟಿದ್ದೇನೆ. "ಓದಿಕೊಳ್ಳಿ ಅಮ್ಮ" ಎಂದೂ ಹೇಳಿದ್ದೇನೆ. ಅವರು ಪ್ರತಿ ಸಲ "ಆಗಲಿ" ಎಂದು ತೆಗೆದುಕೊಂಡಿದ್ದಾರೆ.

"ಇಲ್ಲಿ ಏನು ಬರೆದಿದೆ?" ಎಂದು ಅವರೇ ಮತ್ತೆ ಪುಟ ತೆರೆದರು. ನಾನು ಓದಿದೆ: "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟಿದ್ದೀ?" ಹಗಲೆಲ್ಲ ಮೊರೆಯಿಟ್ಟರೂ ಉತ್ತರವಿಲ್ಲ, ರಾತ್ರಿಯಲ್ಲೂ ವಿಶ್ರಾಂತಿಯಿಲ್ಲ ಎಂಬ ಮುಂದಿನ ಮಾತನ್ನೂ ಓದಿದೆ. ಅವರ ಪತಿ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

"ಇಂಥ ಮಾತೂ ಇದರಲ್ಲಿ ಇದೆಯೇ? ದೇವರನ್ನು ಹೀಗೆ ಕೇಳಬಹುದೇ?"

ಇದೆ ಎಂದೆ. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಭಾಗ ಇಂಥ ಗೋಳಾಟವೇ. ಅವರು ಪುಟವನ್ನೇ ನೋಡುತ್ತಿದ್ದರು. ಆಮೇಲೆ ಮುಖ ಎತ್ತಿ, "ಇದು ಸ್ವಾಮಿ ಶಿಲುಬೆಯ ಮೇಲೆ ಆಡಿದ ಮಾತಲ್ಲವೇ? ಶುಭ ಶುಕ್ರವಾರ ಹೇಳುತ್ತಾರಲ್ಲ" ಎಂದರು. ಹೌದು, ಆತನಿಗಿಂತ ಎಷ್ಟೋ ಕಾಲ ಮೊದಲೇ ಇದನ್ನು ಬರೆದಿಟ್ಟಿದ್ದರು ಎಂದೆ. ಆಗ ಬಂದದ್ದು ಆ ಪ್ರಶ್ನೆ. ಹಾಗಾದರೆ ಸ್ವಾಮಿಗೂ ಕಂಠಪಾಠವಾಗಿತ್ತೇ?

ಗಂಟೆ ಹೊಡೆಯಿತು. "ಇದ್ದಿರಬೇಕು ಅಮ್ಮ" ಎಂದು ಎದ್ದು ತರಗತಿಗೆ ಓಡಿದೆ. ಹಾಗೆ ಓಡಬಾರದಿತ್ತು.

ನಮ್ಮ ಸಂಡೇ ಸ್ಕೂಲಿನಲ್ಲಿ ಕಂಠಪಾಠ ಸ್ಪರ್ಧೆ ಬೇಡವೆಂದು ವರ್ಷಗಳಿಂದ ವಾದಿಸುತ್ತಾ ಬಂದವಳು ನಾನು. ಮಕ್ಕಳು ಉಸಿರು ಬಿಗಿಹಿಡಿದು ವಾಕ್ಯ ಒಪ್ಪಿಸುತ್ತಾರೆ, ಬಹುಮಾನ ಪಡೆಯುತ್ತಾರೆ, ಅರ್ಥ ಕೇಳಿದರೆ ಮುಖ ನೋಡುತ್ತಾರೆ. ಆ ಮಾತು ಈಗಲೂ ಸುಳ್ಳಲ್ಲ. ಆದರೆ ಅಡವಿಯಲ್ಲಿ ಸೈತಾನನು ಯೇಸುವನ್ನು ಪರೀಕ್ಷಿಸಿದ ಶೋಧನೆಯ ಪಾಠವನ್ನು ನಾನು ಎಷ್ಟು ಸಲ ಹೇಳಿಕೊಟ್ಟಿಲ್ಲ! ಸೈತಾನನಿಗೆ ಯೇಸು ಕೊಟ್ಟ ಮೂರು ಉತ್ತರಗಳೂ ಆತನಿಗಿಂತ ಮೊದಲೇ ಇದ್ದ ಧರ್ಮೋಪದೇಶಕಾಂಡವೆಂಬ ಗ್ರಂಥದ ವಾಕ್ಯಗಳು. 40 ದಿನ ಉಪವಾಸವಿದ್ದ ಹಸಿದ ಮನುಷ್ಯನ ಬಾಯಲ್ಲಿ ಅವು ಬಂದವು. ಚಿಕ್ಕಂದಿನಲ್ಲಿ ಯಾರೋ ಕೂರಿಸಿಕೊಂಡು ಹೇಳಿಕೊಟ್ಟಿರಬೇಕು, ಮರಿಯಳೋ ಯೋಸೇಫನೋ ಸಭಾಮಂದಿರದ ಉಪದೇಶಕನೋ. ಇದು ನನಗೆ ಹೊಳೆದೇ ಇರಲಿಲ್ಲ. ಅಕ್ಷರ ಬಾರದ, ಬದುಕಿನುದ್ದಕ್ಕೂ ಕಂಠಪಾಠದ ಮೇಲೆಯೇ ನಿಂತ ಹೆಂಗಸಿಗೆ ತಟ್ಟನೆ ಹೊಳೆಯಿತು. ಪ್ರಾಣ ಹೋಗುವ ಹೊತ್ತಿನಲ್ಲಿ ಬಾಯಿಗೆ ಬರುವುದು ಬಾಯಿಪಾಠವಾಗಿದ್ದದ್ದೇ ಎಂದು ಅವರಿಗೆ ಗೊತ್ತು. ಗಂಡನ ಹಾಸಿಗೆಯ ಪಕ್ಕದಲ್ಲಿ ಕುಳಿತು ಅವರು ಹೇಳಿದ್ದೂ 23ನೆಯ ಕೀರ್ತನೆಯನ್ನೇ.

ನನಗೆ ಸಂಕಟವಾಗುವುದು ಬೇರೆ ಕಡೆ. ಅವರಿಗೆ 23ನ್ನು ಕೊಟ್ಟೆವು, 22ನ್ನು ಯಾರೂ ಕೊಡಲಿಲ್ಲ. ಹಸುರುಗಾವಲು ಕೊಟ್ಟೆವು, ಅಳುವ ಹಕ್ಕು ಕೊಡಲಿಲ್ಲ. ಹನ್ನೊಂದು ತಿಂಗಳು ಅವರು ಒಳಗೊಳಗೇ ದೇವರನ್ನು ಕೇಳುತ್ತಿದ್ದದ್ದು ಪಾಪವೆಂದು ಹೆದರಿಕೊಂಡಿದ್ದರಂತೆ. ಆ ಪ್ರಶ್ನೆ ಅವರದೇ ಪುಸ್ತಕದಲ್ಲಿ, ಅವರದೇ ಬೆರಳಿನ ಕೆಳಗೆ ಅಚ್ಚಾಗಿತ್ತು.

ಬುಧವಾರದ ಸಮಿತಿಯಲ್ಲಿ ದೊಡ್ಡವರಿಗೂ ಒಂದು ತರಗತಿ ಬೇಕು, ಅಕ್ಷರದಿಂದ ಶುರುಮಾಡೋಣ ಎಂದೆ. ಹೆಸರು ಹೇಳಲಿಲ್ಲ. "ದೊಡ್ಡವರಿಗೆ ಆರಾಧನೆಯಲ್ಲಿ ಉಪದೇಶ ಪ್ರಸಂಗವಿದೆಯಲ್ಲ" ಎಂದರು ನಮ್ಮ ಹಿರಿಯರೊಬ್ಬರು. ಕೆಟ್ಟವರಲ್ಲ. ಬೆಂಚು ಒರೆಸುವುದರಿಂದ ಲೆಕ್ಕ ಬರೆಯುವವರೆಗೆ ಎಲ್ಲವನ್ನೂ ಮೈಮುರಿದು ಮಾಡುವವರು. ಆದರೆ ಕಲಿಕೆ ಎಂದರೆ ಮಕ್ಕಳದು, ಸಭೆಯ ಪೂರ್ಣ ಸದಸ್ಯತ್ವ ಕೊಡುವ ದೃಢೀಕರಣವಾದೊಡನೆ ಮುಗಿಯಿತು ಎಂಬುದು ಅವರ ತಲೆಯಲ್ಲಿ ಗಟ್ಟಿಯಾಗಿ ಕುಳಿತಿದೆ. ಪ್ರಸಂಗದ ನಡುವೆ ಕೈಯೆತ್ತಿ ಪ್ರಶ್ನೆ ಕೇಳುವವರನ್ನು ನಾನಂತೂ ನಮ್ಮ ಸಭೆಯಲ್ಲಿ ಕಂಡಿಲ್ಲ.

ಸಂಡೇ ಸ್ಕೂಲು ಹುಟ್ಟಿದ್ದೇ ಅಕ್ಷರಕ್ಕಾಗಿ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ಪತ್ರಿಕೆ ನಡೆಸುತ್ತಿದ್ದ ರಾಬರ್ಟ್ ರೈಕ್ಸ್ ಶುರುಮಾಡಿದ ಶಾಲೆ ವಾರವೆಲ್ಲ ದುಡಿಯುವ ಬಡಮಕ್ಕಳಿಗಾಗಿ ಇತ್ತು. ಅವರಿಗೆ ಬಿಡುವಿದ್ದದ್ದು ಭಾನುವಾರ ಮಾತ್ರ. ಅಲ್ಲಿ ಓದಲು ಕಲಿಸುತ್ತಿದ್ದರು. ಅವನಿಗಿಂತ ಮೊದಲೂ ಕೆಲವರು ಇದನ್ನು ಮಾಡಿದ್ದರು, ಹೆಸರು ಹಬ್ಬಿದ್ದು ಅವನದು. ವೇಲ್ಸ್‌ನಲ್ಲಿ ದೊಡ್ಡವರೂ ಮಕ್ಕಳಂತೆಯೇ ಭಾನುವಾರದ ತರಗತಿಯಲ್ಲಿ ಕುಳಿತು ಓದು ಕಲಿತರು. ಮಕ್ಕಳು ವಾರದ ದಿನಗಳಲ್ಲಿ ಶಾಲೆಗೆ ಹೋಗತೊಡಗಿದ ಮೇಲೆ ಅಕ್ಷರದ ಕೆಲಸ ಮುಗಿಯಿತೆಂದು ಕೈಬಿಟ್ಟೆವು. ಯಾರದು ಮುಗಿದಿದೆ, ಯಾರದು ಮುಗಿದಿಲ್ಲ ಎಂದು ಕೇಳಲಿಲ್ಲ. ಸತ್ಯವೇದದ ಅಪೊಸ್ತಲರ ಕೃತ್ಯಗಳೆಂಬ ಭಾಗದಲ್ಲಿ ಫಿಲಿಪ್ಪನು ರಥದ ಪಕ್ಕದಲ್ಲಿ ಓಡಿಹೋಗಿ, ಓದುತ್ತಿರುವುದು ಅರ್ಥವಾಗುತ್ತಿದೆಯೇ ಎಂದು ಆ ಪರದೇಶದ ಅಧಿಕಾರಿಯನ್ನು ಕೇಳಿದನು. ಯಾರಾದರೂ ತಿಳಿಸಿಕೊಡದೆ ಹೇಗೆ ಅರ್ಥವಾದೀತು ಎಂದು ಅವನು ಫಿಲಿಪ್ಪನನ್ನು ಹತ್ತಿಸಿ ಕೂರಿಸಿಕೊಂಡನು. ನಾನು ಅದೇ ಬೆಂಚಿನಲ್ಲಿದ್ದೂ ಹನ್ನೆರಡು ವರ್ಷ ಕೇಳಲಿಲ್ಲ.

ಸಮಿತಿ ಮುಂದಿನ ತಿಂಗಳು ಯೋಚಿಸುತ್ತದಂತೆ. ಅಷ್ಟು ಕಾಯುವುದು ನನ್ನಿಂದಾಗಲಿಲ್ಲ. ನಿನ್ನೆ ಸಂಜೆ ಅವರ ಮನೆಗೆ ಹೋದೆ. ಅಆಇಈ ಬರೆದುಕೊಂಡು ಹೋಗಿದ್ದ ಹಾಳೆಯನ್ನು ನೋಡಿ ಅವರು ತಲೆಯಾಡಿಸಿದರು. "ಇದರಲ್ಲಿಯೇ ಹೇಳಿಕೊಡಿ" ಎಂದು ಸತ್ಯವೇದ ತಂದಿಟ್ಟರು. ಕೆಂಪು ನೂಲು ಈಗ 23ರಲ್ಲಿತ್ತು. ಮಾತು ಅವರಿಗೆ ಮೊದಲೇ ಗೊತ್ತಿದ್ದುದರಿಂದ ಕೆಲಸ ನಾನೆಣಿಸಿದ್ದಕ್ಕಿಂತ ಹಗುರವಾಯಿತು. ಒಂದೊಂದು ಪದ ಹೇಳಿ ಬೆರಳನ್ನು ಅದರ ಕೆಳಗೇ ನಿಲ್ಲಿಸಬೇಕು, ಅಷ್ಟೇ. "ನನಗೆ" ಎಂಬಲ್ಲಿ ಬೆರಳು ನಿಂತಿತು. ಎರಡು ಒಂದೇ ಅಕ್ಷರ, ಆಮೇಲೆ ಬೇರೆಯದು. "ಇದು ನ" ಎಂದೆ. ಅದರ ಕೊಂಡಿಯನ್ನು ಉಗುರಿನಿಂದ ಎರಡು ಸಲ ತಿದ್ದಿದರು.

ಆಮೇಲೆ ತಾವೇ ಒಂದು ಪುಟ ಹಿಂದಕ್ಕೆ ತಿರುಗಿಸಿ, ಕಣ್ಣು ಹತ್ತಿರ ತಂದು ಹುಡುಕಿದರು. ಬಹಳ ಹೊತ್ತು ಹುಡುಕಿದರು. ನಾನು ತೋರಿಸಲಿಲ್ಲ.

"ಇಲ್ಲಿಯೂ ಅದೇ ಅಕ್ಷರದಿಂದ ಶುರುವಾಗುತ್ತದೆ ಟೀಚರ್" ಎಂದರು.