ಚಕ್ಕೆ ಎದ್ದ ಜಾಗದ ಅಕ್ಷರ

ಮುಳಬಾಗಿಲು ತಾಲ್ಲೂಕಿನ ನಮ್ಮೂರಿನ ಕೆರೆಯ ಏರಿಯ ಮೇಲೆ, ತೂಬಿನಿಂದ ಹತ್ತು ಮಾರು ದೂರದಲ್ಲಿ, ಹುಣಸೆಮರದ ಬೇರಿಗೆ ಒರಗಿಕೊಂಡು ಒಂದು ವೀರಗಲ್ಲು ನಿಂತಿದೆ. ಊರಿನವರಿಗೆ ಅದು ವೀರಗಲ್ಲಲ್ಲ, ದೇವರು. ಮಳೆಗಾಲದ ಮೊದಲು ಅದನ್ನು ತೊಳೆದು, ಎಣ್ಣೆ ಹಚ್ಚಿ, ಅರಿಶಿನ ಕುಂಕುಮವಿಟ್ಟು, ಕೋಳಿ ಕೊಯ್ಯುತ್ತಾರೆ. ನಮ್ಮಜ್ಜಿ ಅದರ ಕಥೆಯನ್ನು ತೆಲುಗಿನಲ್ಲಿ ಹೇಳುತ್ತಿದ್ದಳು. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ, ಕೆ.ಜಿ.ಎಫ್. ಕಡೆಗೆ ಹೋದರೆ ಸಂತೆಯ ಮಾತು ತಮಿಳು. ಅಜ್ಜಿಯ ಪ್ರಕಾರ ಆ ಕಲ್ಲಿನವನು ಕೆರೆಯ ನೀರು ಬಿಡುವ ನೀರುಗಂಟಿ. ಒಂದು ರಾತ್ರಿ ಏರಿ ಒಡೆಯುವುದನ್ನು ಕಂಡು, ಊರನ್ನು ಕೂಗಿ ಎಬ್ಬಿಸಿ, ಜನ ಬರುವವರೆಗೆ ಬಿರುಕಿಗೆ ತನ್ನ ಮೈಯನ್ನೇ ಅಡ್ಡವಿಟ್ಟು ಸತ್ತವನು.

ಪ್ರಾಚೀನ ಇತಿಹಾಸದ ಎಂ.ಎ.ಗೆಂದು ಮೈಸೂರಿನ ಮಾನಸಗಂಗೋತ್ರಿಗೆ ಸೇರುವಾಗ ನನ್ನ ತಲೆಯಲ್ಲಿ ಈ ಕಲ್ಲು ಇರಲೇ ಇಲ್ಲ. ಇದ್ದದ್ದು ಈಜಿಪ್ಟ್, ಅಥೆನ್ಸ್, ರೋಮ್. ಕೋಲಾರದ ಬಸ್ ನಿಲ್ದಾಣದ ಅಂಗಡಿಯಲ್ಲಿ ಕೊಂಡ ಸಾಮಾನ್ಯಜ್ಞಾನದ ಪುಸ್ತಕಗಳು ಕಲಿಸಿದ್ದ ಪ್ರಾಚೀನತೆ ಅದು. ಪ್ರಾಚೀನವಾದದ್ದು ಎಂದರೆ ಕಡ್ಡಾಯವಾಗಿ ದೂರದ್ದು ಎಂದೇ ನಾನು ತಿಳಿದಿದ್ದೆ. ಇದನ್ನು ಓದಿದರೆ ಯಾವ ಕೆಲಸ ಸಿಗುತ್ತದೆ ಎಂದು ಅಪ್ಪ ಒಮ್ಮೆ ಕೇಳಿದರು. ಕೆ.ಎ.ಎಸ್. ಪರೀಕ್ಷೆಗೆ ಉಪಯೋಗವಾಗುತ್ತದೆ ಎಂದೆ, ಅವರು ಸುಮ್ಮನಾದರು. ಆ ಪರೀಕ್ಷೆಗೆ ನಾನು ಕಡೆಗೂ ಕೂರಲಿಲ್ಲ.

ಮೊದಲ ವರ್ಷದ ಯಾವ ಪಾಠವೂ ನನ್ನನ್ನು ಕದಲಿಸಿದ್ದಿಲ್ಲ, ಒಂದು ಪಪೈರಸ್ ಹಾಳೆಯನ್ನು ಬಿಟ್ಟು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದ ಕಸದ ದಿಬ್ಬಗಳಲ್ಲಿ ಸಿಕ್ಕ ರಾಶಿರಾಶಿ ಹಾಳೆಗಳಲ್ಲಿ ಕ್ರಿ.ಶ. 2ನೆಯ ಶತಮಾನದ ಒಂದು ಗ್ರೀಕ್ ಪ್ರಹಸನವಿತ್ತು. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು ಅದನ್ನು 1903ರಲ್ಲಿ ಪ್ರಕಟಿಸಿದರು. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಚಾರಿಷನ್ ಎಂಬ ಗ್ರೀಕ್ ಹೆಣ್ಣನ್ನು ಅವಳ ಅಣ್ಣ ಬಿಡಿಸಿಕೊಂಡು ಹೋಗುವ ಕಥೆ. ಬಿಡಿಸುವ ಉಪಾಯವೆಂದರೆ ಅಲ್ಲಿನ ರಾಜನಿಗೂ ಅವನ ಪರಿವಾರಕ್ಕೂ ಚೆನ್ನಾಗಿ ಮದ್ಯ ಕುಡಿಸುವುದು. ಆ ರಾಜ ಆಡುವ ಮಾತುಗಳು ಗ್ರೀಕ್ ಅಲ್ಲ. ಮರುವರ್ಷವೇ ಹುಲ್ಷ್ ಎಂಬ ಜರ್ಮನ್ ಶಾಸನತಜ್ಞ ಅವು ಕನ್ನಡವಿರಬಹುದೆಂದು ಸೂಚಿಸಿದ. ಆಮೇಲೆ ನಮ್ಮ ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಇದರ ಬಗ್ಗೆ ಬರೆದರು. ‘ಕೊಂಚ ಮಧು ಪಾತ್ರಕ್ಕೆ ಹಾಕಿ’ ಎಂದು ಬಿಡಿಸಿ ಓದಿದ ಸಾಲನ್ನು ಮೇಷ್ಟ್ರು ಕರಿಹಲಗೆಯ ಮೇಲೆ ಬರೆದಾಗ ತರಗತಿಯಲ್ಲಿ ನಾವು ಹನ್ನೊಂದು ಮಂದಿಯೂ ಚಪ್ಪಾಳೆ ತಟ್ಟಿದೆವು. ಹಲ್ಮಿಡಿ ಶಾಸನದ ಕಾಲವನ್ನು ಸುಮಾರು ಕ್ರಿ.ಶ. 450 ಎನ್ನುತ್ತಾರೆ, ಅದಕ್ಕೂ ಎರಡೂವರೆ ಶತಮಾನ ಮೊದಲೇ ಕನ್ನಡ ನೈಲ್ ನದಿಯ ದಡದ ನಾಟಕದಲ್ಲಿತ್ತು ಎಂದರೆ ಯಾರಿಗೆ ತಾನೇ ಮೈ ಜುಮ್ಮೆನ್ನದು?

ಚಪ್ಪಾಳೆ ನಿಂತ ಮೇಲೆ ಅವರು ಮೂಲದ ಅಕ್ಷರಗಳನ್ನು ಪದಗಳ ನಡುವೆ ಬಿಡುವಿಲ್ಲದೆ ಬರೆದು, ಈಗ ನೀವೇ ಬಿಡಿಸಿ ಎಂದರು. ಆ ಕಾಲದ ಗ್ರೀಕ್ ಬರವಣಿಗೆಯಲ್ಲಿ ಪದಕ್ಕೂ ಪದಕ್ಕೂ ನಡುವೆ ಜಾಗ ಬಿಡುತ್ತಿರಲಿಲ್ಲ. ಎಲ್ಲಿ ಕತ್ತರಿಸಬೇಕೆಂಬುದು ಓದುವವನ ಕೈಯಲ್ಲಿದೆ, ಮನಸ್ಸಿನಲ್ಲಿ ಕನ್ನಡವಿದ್ದರೆ ಕತ್ತರಿ ಕನ್ನಡದ ಪದದ ಅಂಚಿಗೇ ಹೋಗಿ ನಿಲ್ಲುತ್ತದೆ. ತಮಿಳು ಚೆನ್ನಾಗಿ ಬಲ್ಲ ಕೊಳ್ಳೇಗಾಲದ ಸಹಪಾಠಿಯೊಬ್ಬ ಅರ್ಧ ಗಂಟೆಯೊಳಗೆ ಅದರಲ್ಲಿ ಎರಡು ತಮಿಳು ಪದಗಳನ್ನು ಹುಡುಕಿಕೊಟ್ಟ. ‘ಹಾಕಿ’ ಎಂಬ ರೂಪ ಆ ಕಾಲಕ್ಕೆ ಸಲ್ಲುವುದಿಲ್ಲ, ಪದಾದಿಯ ಪಕಾರ ಹಕಾರವಾದದ್ದು ಬಹಳ ತಡವಾಗಿ ಎಂದು ನಾನು ತಕರಾರು ತೆಗೆದೆ; ಪಪೈರಸ್ಸಿನಲ್ಲಿ ಇರುವುದು ಪಕಾರವೇ ಎಂದು ಮೇಷ್ಟ್ರು ನಕ್ಕರು. ಬಾರ್ನೆಟ್ ಎಂಬ ವಿದ್ವಾಂಸ 1926ರಲ್ಲಿ ಇಡೀ ವಾದವನ್ನೇ ಅಲ್ಲಗಳೆದಿದ್ದನೆಂದು ಕೊನೆಯಲ್ಲಿ ಹೇಳಿ ತರಗತಿ ಮುಗಿಸಿದರು. ಅದು ಕನ್ನಡವೋ ಅಲ್ಲವೋ ಎಂಬ ಜಗಳ ಇಂದಿಗೂ ಮುಗಿದಿಲ್ಲ. ನನ್ನ ಒಲವು ಯಾವ ಕಡೆಗೆಂದು ಯಾರಾದರೂ ಕೇಳಿದರೆ ನಾನು ಹೌದು ಎನ್ನುವವರ ಜೊತೆ ಕೂತು ಅಲ್ಲ ಎನ್ನುವವರ ಪ್ರಬಂಧ ಓದುತ್ತೇನೆ ಎಂದು ಹೇಳುವುದು ರೂಢಿಯಾಗಿದೆ.

ಗ್ರೀಕ್ ಭಾಷೆಯನ್ನು ಕಲಿಯುವ ಆಸೆ ಆಗ ಹುಟ್ಟಿತು, ಕಲಿಸುವವರು ಸಿಗದೆ ಅಕ್ಷರಮಾಲೆಯಲ್ಲೇ ನಿಂತುಹೋಯಿತು. ಗ್ರೀಕ್ ರುದ್ರನಾಟಕ ನನಗೆ ದಕ್ಕಿದ್ದು ಕನ್ನಡದ ಮೂಲಕವೇ, ಅದೂ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀಯವರ ಮೂಲಕ. ಸೋಫೊಕ್ಲಿಸನ ಏಜಾಕ್ಸನನ್ನು ಅವರು 1929ರಲ್ಲಿ ಅಶ್ವತ್ಥಾಮನನ್ನಾಗಿ ಮಾಡಿದರು; ಗ್ರೀಕ್ ವೀರನ ಅವಮಾನವನ್ನು ಹೊರಲು ಮಹಾಭಾರತದಲ್ಲಿ ಸರಿಯಾದ ಹೆಗಲು ಯಾವುದೆಂದು ಅವರಿಗೆ ಗೊತ್ತಿತ್ತು. ಪರ್ಷಿಯನ್ನರ ಸೋಲಿನ ನಾಟಕವನ್ನು ಮಾತ್ರ 1935ರಲ್ಲಿ ‘ಪಾರಸಿಕರು’ ಎಂದು ಪರ್ಷಿಯನ್ನರ ಹೆಸರಿನಲ್ಲಿಯೇ ಕನ್ನಡಕ್ಕೆ ತಂದರು. ಯಾವುದನ್ನು ನಮ್ಮದಾಗಿಸಿಕೊಳ್ಳಬಹುದು, ಯಾವುದನ್ನು ಅವರದಾಗಿಯೇ ಬಿಡಬೇಕು ಎಂಬ ಈ ವಿವೇಚನೆ ನನ್ನ ಇತಿಹಾಸದ ಓದಿಗೂ ಬೇಕಿತ್ತು.

ಎರಡನೆಯ ವರ್ಷ ಶಾಸನಶಾಸ್ತ್ರ. ವಿಭಾಗದ ಗ್ರಂಥಾಲಯದಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಸಂಪುಟಗಳಿದ್ದವು. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ಬಿ.ಎಲ್. ರೈಸ್ ಹಳೆಯ ಮೈಸೂರು ಸೀಮೆಯ ಶಾಸನಗಳನ್ನು ಹೆಕ್ಕಿ ಮಾಡಿದ ಕೆಲಸ ಅದು; ತುಮಕೂರು ಜಿಲ್ಲೆಯ ಸಂಪುಟ 1904ರದು, ಕೋಲಾರದ್ದು 1905ರದು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಾದ್ದರಿಂದ ಆ ಕಡೆಯ ಕಲ್ಲುಗಳೂ ಕೋಲಾರದ ಸಂಪುಟದಲ್ಲೇ ಇವೆ. ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ನಮ್ಮೂರಿನ ಹೆಸರು ಹುಡುಕಿದೆ. ಇರಲಿಲ್ಲ. ಬೇಸರದಲ್ಲಿ ಪುಟ ತಿರುವುತ್ತಾ ಹೋದಂತೆ ಬೇರೆಯೇ ಒಂದು ಕೋಲಾರ ತೆರೆದುಕೊಂಡಿತು. ಗಂಗರು ತಮ್ಮನ್ನು ಕುವಳಾಲಪುರವರೇಶ್ವರರೆಂದು, ನಂದಗಿರಿನಾಥರೆಂದು ಕರೆದುಕೊಳ್ಳುತ್ತಿದ್ದರು. ರಾಜಧಾನಿ ತಲಕಾಡಿಗೆ ಹೋದ ಮೇಲೂ ಕೋಲಾರವನ್ನೂ ನಂದಿಬೆಟ್ಟವನ್ನೂ ಬಿರುದಿನಿಂದ ಬಿಡಲಿಲ್ಲ. ಸುಮಾರು 1004ರಲ್ಲಿ ಚೋಳರು ಗಂಗವಾಡಿಯನ್ನು ಹಿಡಿದ ಮೇಲೆ ಇದೇ ನೆಲ ನಿಗರಿಲಿಚೋಳಮಂಡಲವಾಯಿತು. ಕೋಲಾರಮ್ಮನ ಗುಡಿಯ ಗೋಡೆಯಲ್ಲಿರುವುದು ತಮಿಳು ಶಾಸನಗಳು, ಅವುಗಳಲ್ಲಿ ಅಮ್ಮನ ಹೆಸರು ಪಿಡಾರಿಯಾರ್. ಚಿಕ್ಕಂದಿನಿಂದ ಕೈಮುಗಿದ ದೇವರಿಗೆ ಇನ್ನೊಂದು ಹೆಸರಿತ್ತೆಂದು ಗ್ರಂಥಾಲಯದ ಬೆಂಚಿನ ಮೇಲೆ ತಿಳಿಯುವುದು ವಿಚಿತ್ರವಾದ ಅನುಭವ.

ನಮಗೆ ಹೆಚ್ಚು ಹೊತ್ತು ಹಿಡಿದದ್ದು ಸುಳ್ಳು ಶಾಸನಗಳ ಪಾಠ. ಗಂಗರ ಹಲವು ತಾಮ್ರಪಟಗಳು ನಕಲಿ ಎಂದು ಜೆ.ಎಫ್. ಫ್ಲೀಟ್ ಎಂಬ ಶಾಸನತಜ್ಞ ವಾದಿಸಿದ; ಪಟ ತನ್ನದೆಂದು ಹೇಳಿಕೊಳ್ಳುವ ಕಾಲಕ್ಕಿಂತ ಅದರ ಲಿಪಿ ಈಚಿನದು, ಹೇಳಿದ ತೇದಿ ಲೆಕ್ಕಕ್ಕೆ ಕೂಡಿಬರುವುದಿಲ್ಲ ಎಂಬುದು ಅವನ ವಾದದ ಬಗೆ. ರೈಸ್ ಒಪ್ಪಲಿಲ್ಲ, ಇಬ್ಬರ ನಡುವೆ ವರ್ಷಗಟ್ಟಲೆ ವಾಗ್ವಾದ ನಡೆಯಿತು. ಇಟಲಿಯಲ್ಲಿ ಲೊರೆಂಜೊ ವಲ್ಲಾ 1440ರಲ್ಲಿ, ಕಾನ್‌ಸ್ಟಂಟೈನ್ ಚಕ್ರವರ್ತಿ ಪೋಪ್‌ಗೆ ಕೊಟ್ಟನೆನ್ನಲಾದ ದಾನಪತ್ರವನ್ನು ಸುಳ್ಳೆಂದು ತೋರಿಸಿದ್ದೂ ಇದೇ ಜಾಣ್ಮೆಯಿಂದ: ರೋಮಿನ ಚಕ್ರವರ್ತಿಯ ಬಾಯಲ್ಲಿ ಸತ್ರಪ ಎಂಬ ಪರ್ಷಿಯಾದ ಪ್ರಾಂತಾಧಿಕಾರಿಯ ಪದವಿ ಹೇಗೆ ಬಂತು ಎಂದು ಅವನು ಕೇಳಿದ. ಭೂಮಿಗಾಗಿ ಸುಳ್ಳು ಪತ್ರ ಮಾಡುವುದರಲ್ಲಿ ರೋಮಿಗೂ ಗಂಗವಾಡಿಗೂ ವ್ಯತ್ಯಾಸವಿಲ್ಲ. ನಮ್ಮ ತಾಲ್ಲೂಕು ಕಚೇರಿಯ ಹೊರಗಿನ ಪತ್ರಬರಹಗಾರರನ್ನು ಕೇಳಿದರೆ ಇನ್ನೂ ಸ್ವಾರಸ್ಯವಾಗಿ ಹೇಳಿಯಾರು.

ಕ್ಷೇತ್ರಕಾರ್ಯಕ್ಕೆ ನಮ್ಮನ್ನು ಕರೆದೊಯ್ದದ್ದು ತುಮಕೂರಿನ ಬಳಿಯ ಕೈದಾಳಕ್ಕೆ. ಜಕಣಾಚಾರಿಯ ಕಥೆ ಯಾರಿಗೆ ಗೊತ್ತಿಲ್ಲ? ಕಲ್ಲಿನ ಹೊಟ್ಟೆಯಲ್ಲಿ ಕಪ್ಪೆಯನ್ನು ತೋರಿಸಿದ ಮಗನ ಎದುರು ಸೋತು ಬಲಗೈ ಕಡಿದುಕೊಂಡ ಶಿಲ್ಪಿ, ಕ್ರೀಡಾಪುರದಲ್ಲಿ ಚೆನ್ನಕೇಶವನ ಗುಡಿ ಕಟ್ಟಿ ಕೈ ಮರಳಿ ಪಡೆದದ್ದರಿಂದ ಆ ಊರಿಗೆ ಕೈದಾಳ ಎಂಬ ಹೆಸರು ಬಂತಂತೆ. ಅಲ್ಲಿನ ಶಾಸನ ಹೇಳುವುದು ಗೂಳಿ ಬಾಚಿ ಎಂಬ ಹೊಯ್ಸಳ ಸಾಮಂತನ ವಿಷಯ. 1150ರ ಹೊತ್ತಿಗೆ ಗುಡಿ ಕಟ್ಟಿಸಿದವನು ಅವನು. ಬೇಲೂರಿನ ಮೂರ್ತಿಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಚಾವಣ ಮೊದಲಾದವರು ಹೆಸರು ಕೆತ್ತಿಕೊಂಡಿದ್ದಾರೆ, ಜಕಣಾಚಾರಿಯ ಹೆಸರಿಲ್ಲ. ಗುಡಿಯ ಅರ್ಚಕರು ಕಥೆಯನ್ನು ಹೇಳುತ್ತಿದ್ದರೆ ನಮ್ಮ ಗುಂಪು ಶಾಸನವನ್ನು ಓದುತ್ತಿತ್ತು, ಹಿಂದೆ ನಿಂತಿದ್ದ ನನಗೆ ಎರಡೂ ಒಟ್ಟಿಗೆ ಕೇಳಿಸುತ್ತಿದ್ದವು. ಹೆಸರು ಕೆತ್ತಿದ ದಾಸೋಜನನ್ನು ಮರೆತು ಹೆಸರು ಕೆತ್ತದವನನ್ನು ಜನ ನೆನಪಿಟ್ಟುಕೊಂಡದ್ದೇಕೆ ಎಂಬ ಪ್ರಶ್ನೆಗೆ ಅಂದು ಬಸ್ಸಿನಲ್ಲಿ ಯಾರೂ ಉತ್ತರ ಕೊಡಲಿಲ್ಲ. ಅದೂ ಇತಿಹಾಸದ ಪ್ರಶ್ನೆಯೇ ಎಂದು ನನಗೆ ಅನ್ನಿಸುತ್ತದೆ.

ಆ ಬೇಸಿಗೆಯಲ್ಲಿ ಪಡಿಯಚ್ಚಿನ ಸರಂಜಾಮು ಹೊತ್ತು ಊರಿಗೆ ಬಂದೆ. ಪೂಜಾರಿ ಕಲ್ಲನ್ನು ಮುಟ್ಟಲು ಬಿಟ್ಟದ್ದು ಹಬ್ಬದ ಹಿಂದಿನ ದಿನ, ಹೇಗೂ ತೊಳೆಯುವ ಹೊತ್ತಿನಲ್ಲಿ ಮಾತ್ರ. ವರ್ಷಗಳ ಎಣ್ಣೆಯ ಕರಿಪು ಸೀಗೆಪುಡಿಯಲ್ಲಿ ಉಜ್ಜಿ ಉಜ್ಜಿ ಬಿಡಬೇಕಾಯಿತು. ನೆನೆಸಿದ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಗೀರಿನೊಳಗೆ ಇಳಿಸಿ, ಅದು ಇನ್ನೂ ಹಸಿಯಾಗಿರುವಾಗಲೇ ಮಸಿಯ ಗಂಟಿನಿಂದ ಮೃದುವಾಗಿ ಒತ್ತುತ್ತಾ ಹೋದರೆ ಕಲ್ಲಿನ ಮೈ ಕಪ್ಪಾಗಿ, ಕೆತ್ತಿದ ಗೀರು ಬಿಳಿಯಾಗಿ ಏಳುತ್ತದೆ. ಮೇಲಿನ ಎರಡು ಪಟ್ಟಿಕೆಗಳಲ್ಲಿ ವೀರನನ್ನು ಅಪ್ಸರೆಯರು ಒಯ್ಯುವುದು, ಆಮೇಲೆ ಅವನು ಲಿಂಗದ ಮುಂದೆ ಕೂತಿರುವುದು. ನಡುವೆ ಮೂರು ಸಾಲು ಬರಹ. ಅಕ್ಷರಗಳ ದುಂಡು ನೋಡಿದರೆ 9–10ನೆಯ ಶತಮಾನದ್ದೆನ್ನಬಹುದು. ಸ್ವಸ್ತಿ ಶ್ರೀ ಎಂದು ಶುರುವಾಗುತ್ತದೆ, ಕೊನೆಯಲ್ಲಿ ಕಾದಿ ಸತ್ತನೆಂದಿದೆ, ಅವನಿಗಾಗಿ ಬಾಳ್ಗೞ್ಚು ಬಿಟ್ಟದ್ದೂ ಇದೆ. ಅಂದರೆ ಕತ್ತಿ ತೊಳೆದು ಕೊಟ್ಟ ಭೂಮಿ. ಎರಡನೆಯ ಸಾಲಿನ ನಡುವೆ, ಯಾವುದಕ್ಕಾಗಿ ಸತ್ತನೆಂದು ಹೇಳುವ ಜಾಗದಲ್ಲೇ, ಅಂಗೈಯಗಲ ಚಕ್ಕೆ ಎದ್ದಿದೆ.

ಚಕ್ಕೆಯ ಬಲ ಅಂಚಿನಲ್ಲಿ ಒಂದು ಅಕ್ಷರ ಉಳಿದಿದೆ: ಈಗ ಕನ್ನಡದಿಂದ ಬಿಟ್ಟುಹೋಗಿರುವ ಶಕಟರೇಫ, ಱ. ಅದರ ಸ್ವರಚಿಹ್ನೆ ಸವೆದಿದೆ. ಹಿಂದಿನ ಅಕ್ಷರ ತಕಾರವಾಗಿದ್ದರೆ ತುಱು, ದನ. ದನ ಹೊಡೆದುಕೊಂಡು ಹೋಗುವವರೊಡನೆ ಕಾದಿ ಸತ್ತವರ ಕಲ್ಲುಗಳು ನಮ್ಮ ಜಿಲ್ಲೆಯ ತುಂಬ ಇವೆ, ಆದ್ದರಿಂದ ಅದೇ ಸಂಭವ ಹೆಚ್ಚು. ಕಕಾರವಾಗಿದ್ದರೆ ಕೆಱೆ. ನಾನು ಹಾಳೆಯನ್ನು ಓರೆಬೆಳಕಿನಲ್ಲಿ ಹಿಡಿದು, ರಾತ್ರಿ ಕಲ್ಲಿಗೇ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿದೆ. ಹತ್ತನೆಯ ಸಲಕ್ಕೆ ಕಕಾರದ ಅಡ್ಡಗೆರೆ ಕಂಡಿತು, ಹನ್ನೊಂದನೆಯ ಸಲಕ್ಕೆ ಅದು ಬರಿಯ ಬಿರುಕಾಗಿತ್ತು. ಏನು ಬರೆದೈತೆ ಎಂದು ಅಜ್ಜಿ ಕೇಳಿದಾಗ ಕಾದಿ ಸತ್ತನಂತೆ ಎಂದೆ. ನೀರಿನ ಜೊತೆ ಕಾದಾಡೋದು ಸುಲಭವೇನೋ ಎಂದಳು. ಪ್ರಬಂಧದಲ್ಲಿ ಆ ಜಾಗಕ್ಕೆ ಮೂರು ಚುಕ್ಕಿ ಇಟ್ಟು, ಮುಂದೆ ಱ ಬರೆದೆ.

ತೀರ್ಮಾನವಾಗಲು ಒಂದು ದಾರಿಯಿತ್ತು. ಇಂಥ ಕಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ ಇರುತ್ತದೆ. ದನಕ್ಕಾಗಿ ನಡೆದದ್ದಾದರೆ ಮೂಲೆಯಲ್ಲಿ ಸಾಮಾನ್ಯವಾಗಿ ದನಗಳನ್ನು ಕೆತ್ತಿರುತ್ತಾರೆ. ನಮ್ಮ ಕಲ್ಲಿನ ಕೆಳಗಿನ ಪಟ್ಟಿಕೆ ಏರಿಯ ಮಣ್ಣಿನಲ್ಲಿ ಹೂತಿದೆ. ಅಗೆಯಲು ಪೂಜಾರಿ ಒಪ್ಪಲಿಲ್ಲ, ಏರಿಯ ಮೇಲೆ ಹಾರೆ ಹಾಕಬಾರದೆಂದು ಹಿರಿಯರೂ ಹೇಳಿದರು. ತೂಬಿನ ಅಷ್ಟು ಹತ್ತಿರ ಅಗೆಯುವುದು ನನಗೂ ಸರಿಕಾಣಲಿಲ್ಲ. 2021ರ ನವೆಂಬರ್ ಮಳೆಗೆ ಎಷ್ಟೋ ವರ್ಷಗಳ ಮೇಲೆ ಕೆರೆ ಕೋಡಿ ಬಿದ್ದಾಗ, ಏರಿ ಜಗ್ಗದಿರಲೆಂದು ಊರವರು ಟ್ರ್ಯಾಕ್ಟರ್‌ಗಟ್ಟಲೆ ಮಣ್ಣು ತಂದು ಸುರಿದರು. ಅಜ್ಜಿ ಆಗ ಇರಲಿಲ್ಲ. ಈಗ ಮಣ್ಣು ಎರಡನೆಯ ಸಾಲಿನವರೆಗೆ ಬಂದಿದೆ, ಆ ಱಕಾರ ಕಾಣಬೇಕಾದರೆ ನನ್ನ ಕಪಾಟಿನಲ್ಲಿ ಸುತ್ತಿಟ್ಟಿರುವ ಪಡಿಯಚ್ಚನ್ನೇ ಬಿಚ್ಚಬೇಕು.