ಹೆರಿಗೆ ಕೋಣೆಯ ಕೆಲಸವನ್ನು ಮಲಾವಿಗೆ ಒಯ್ಯುವ ಮುನ್ನ

ಬೆಳಗಾವಿಯ ನಮ್ಮ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಕೆಲಸ ಮಾಡುವ ಕಿರಿಯ ಶುಶ್ರೂಷಕಿಯರಲ್ಲಿ ಒಬ್ಬರಲ್ಲ ಒಬ್ಬರು ಆಗಾಗ ಬಂದು, "ಅಕ್ಕಾರ, ನನಗೂ ಹೊರದೇಶಕ್ಕ ಸೇವಾಕ್ಕ ಹೋಗಬೇಕನಸ್ತೈತ್ರಿ, ಏನೇನು ತಯಾರಿ ಬೇಕ್ರಿ?" ಎಂದು ಕೇಳುತ್ತಾರೆ. ಆಫ್ರಿಕದ ಮಲಾವಿ ದೇಶದ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಸ್ವಯಂಸೇವಕಿಯಾಗಿ ದುಡಿದು ಬಂದ ಮೇಲೆ, ಅವರ ನಿರೀಕ್ಷೆಗಿಂತ ತುಸು ಬೇರೆಯಾದ ಉತ್ತರವೇ ನನ್ನಿಂದ ಬರುತ್ತದೆ. ಪಾಸ್‌ಪೋರ್ಟ್, ಲಸಿಕೆ, ಟಿಕೆಟ್ ಎಲ್ಲವೂ ಬೇಕು. ಆದರೆ ಅದಕ್ಕಿಂತ ಮೊದಲು ನಿಮ್ಮ ಕೈಗೆ ಬರುವ ವಿದ್ಯೆ ಯಾವುದು, ಆ ವಿದ್ಯೆ ದಿನನಿತ್ಯ ಯಾವ ಯಾವ ಆಸರೆಗಳ ಮೇಲೆ ನಿಂತಿದೆ ಎಂಬುದನ್ನು ಬೇರ್ಪಡಿಸಿ ನೋಡಿಕೊಳ್ಳಿ ಎನ್ನುತ್ತೇನೆ.

ಹೆರಿಗೆಯ ನಂತರದ ರಕ್ತಸ್ರಾವವನ್ನೇ ತೆಗೆದುಕೊಳ್ಳೋಣ. ಮಗು ಹೊರಬಂದ ಒಂದು ನಿಮಿಷದೊಳಗೆ ತಾಯಿಗೆ ಗರ್ಭಕೋಶವನ್ನು ಗಟ್ಟಿಗೊಳಿಸಿ ರಕ್ತ ತಡೆಯುವ ಆಕ್ಸಿಟೋಸಿನ್ ಔಷಧದ 10 ಯೂನಿಟ್ ಇಂಜೆಕ್ಷನ್ ಕೊಡುವುದು ನಮ್ಮೆಲ್ಲರಿಗೂ ರೂಢಿಯಾಗಿ ಹೋಗಿದೆ. ಆ ಔಷಧ ಕೆಲಸ ಮಾಡಬೇಕಾದರೆ ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಕಾಪಾಡಿರಬೇಕು. ಅಂದರೆ ಉಗ್ರಾಣದಿಂದ ವಾರ್ಡಿನ ಫ್ರಿಜ್ಜಿನವರೆಗೆ ಎಲ್ಲಿಯೂ ತಂಪು ತಪ್ಪಿರಬಾರದು. ಅಷ್ಟಾದ ಮೇಲೂ ರಕ್ತ ನಿಲ್ಲದಿದ್ದರೆ ಕೂಗಿದಷ್ಟು ದೂರದಲ್ಲಿ ವೈದ್ಯರಿರುತ್ತಾರೆ, ಕೆಳಗಿನ ಮಹಡಿಯಲ್ಲಿ ರಕ್ತನಿಧಿಯಿರುತ್ತದೆ, ರಕ್ತ ಕೊಡಲು ಊರಿನಿಂದ ಓಡಿಬರುವ ಅಣ್ಣತಮ್ಮಂದಿರಿರುತ್ತಾರೆ. ಹಳ್ಳಿಯ ಕೇಂದ್ರದಲ್ಲಿದ್ದರೂ 108 ವಾಹನಕ್ಕೆ ಕರೆ ಮಾಡುವ ದಾರಿಯಿದೆ. ಇವೆಲ್ಲ ಸುತ್ತ ಇರುವಾಗ ನಾವು ನಮ್ಮ ಕೌಶಲವೆಂದು ಭಾವಿಸುವುದರಲ್ಲಿ ಎಷ್ಟು ಪಾಲು ನಮ್ಮದು, ಎಷ್ಟು ಪಾಲು ವ್ಯವಸ್ಥೆಯದು ಎಂಬುದು ಗೊತ್ತೇ ಆಗುವುದಿಲ್ಲ.

ಹೊರಡುವ ಮೊದಲು ನಾನು ಮಾಡಿದ ಒಂದು ಕೆಲಸವನ್ನು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ. ಗರ್ಭಿಣಿ ಬಾಗಿಲೊಳಗೆ ಕಾಲಿಟ್ಟ ಗಳಿಗೆಯಿಂದ ಬಾಣಂತಿ ಮಗುವಿನೊಂದಿಗೆ ವಾರ್ಡಿಗೆ ಹೋಗುವವರೆಗೆ ನನ್ನ ಕೈ ಮುಟ್ಟುವ ಪ್ರತಿಯೊಂದು ವಸ್ತುವನ್ನು, ಕೈಗವಸಿನಿಂದ ಹಿಡಿದು ಹೊಕ್ಕುಳಬಳ್ಳಿಯ ಕ್ಲಿಪ್ಪಿನವರೆಗೆ, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಆ ಪಟ್ಟಿಯನ್ನು ಮಲಾವಿಯ ಆಸ್ಪತ್ರೆಯ ಹೆರಿಗೆ ವಿಭಾಗದ ಮುಖ್ಯ ಶುಶ್ರೂಷಕಿಗೆ ಕಳುಹಿಸಿ, ಯಾವುದು ಯಾವಾಗಲೂ ಸಿಗುತ್ತದೆ, ಯಾವುದು ಕೆಲವೊಮ್ಮೆ ಸಿಗುತ್ತದೆ, ಯಾವುದು ಇಲ್ಲವೇ ಇಲ್ಲ ಎಂದು ಗುರುತು ಹಾಕಿ ಕೊಡಲು ಕೇಳಿಕೊಂಡೆ. ಅವರು ಬಹಳ ಶ್ರದ್ಧೆಯಿಂದ ಉತ್ತರಿಸಿದರು. ಕೆಲವೊಮ್ಮೆ ಮಾತ್ರ ಸಿಗುವ ವಸ್ತುಗಳ ಸಾಲೇ ಎಲ್ಲಕ್ಕಿಂತ ಉದ್ದವಾಗಿತ್ತು. ಇಲ್ಲದ ವಸ್ತುವಿಗೆ ಮೊದಲೇ ಬೇರೆ ದಾರಿ ಹುಡುಕಿಟ್ಟುಕೊಳ್ಳಬಹುದು. ಇಂದು ಇದ್ದು ನಾಳೆ ಇಲ್ಲವಾಗುವ ವಸ್ತುವಿಗಾಗಿ ಮಾತ್ರ ಪ್ರತಿ ಪಾಳಿಯ ಆರಂಭದಲ್ಲೂ ಎಣಿಸಿ ನೋಡುವ ಅಭ್ಯಾಸ ಬೇಕು. ನನ್ನನ್ನು ಕಳುಹಿಸಿದ ಸಂಸ್ಥೆಯ ಪೂರ್ವ ತರಬೇತಿಯಲ್ಲಿ ಉಡುಪು, ನಡವಳಿಕೆ, ಸುರಕ್ಷತೆ ಕುರಿತು ಸಾಕಷ್ಟು ಹೇಳಿದರಾದರೂ ಈ ಮುಖ್ಯ ವಿಷಯದ ಮಾತೇ ಬರಲಿಲ್ಲ. ಇದು ಆ ತರಬೇತಿಯ ದೊಡ್ಡ ಕೊರತೆಯೆಂದು ಈಗಲೂ ನನ್ನ ಅಭಿಪ್ರಾಯ.

ಆಸರೆ ಕಡಿಮೆಯಿರುವ ಕಡೆ ಹೆರಿಗೆ ಮಾಡಿಸುವ ವಿದ್ಯೆಯನ್ನು ಕಲಿಯಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ಅಮೆರಿಕದ ಸಹೋದ್ಯೋಗಿಗಳೊಂದಿಗೆ ಸೇರಿ 2002ರಿಂದ 2005ರವರೆಗೆ ಇದೇ ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆರಿಗೆಯಾದ 1,620 ಮಹಿಳೆಯರ ಪೈಕಿ ಅರ್ಧದಷ್ಟು ಮಂದಿಗೆ ಹಳ್ಳಿಯ ಸಹಾಯಕ ಶುಶ್ರೂಷಕಿ-ಸೂಲಗಿತ್ತಿಯರಾದ ಎಎನ್‌ಎಂಗಳು ರಕ್ತಸ್ರಾವ ತಡೆಯುವ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಬಾಯಿಯ ಮೂಲಕ ಕೊಟ್ಟರು. ಮಾತ್ರೆ ಪಡೆಯದವರಲ್ಲಿ ನೂರಕ್ಕೆ 12 ಮಂದಿಗೆ ಅತಿಯಾದ ರಕ್ತಸ್ರಾವವಾದರೆ, ಪಡೆದವರಲ್ಲಿ ಅದು 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶ, ಫ್ರಿಜ್ ಬೇಡದ, ಸೂಜಿ ಬೇಡದ ಒಂದು ಮಾತ್ರೆ ಎಎನ್‌ಎಂ ಕೈಯಲ್ಲಿದ್ದರೆ ಎಷ್ಟು ಜೀವಗಳಿಗೆ ಆಸರೆಯಾಗಬಲ್ಲದು ಎಂಬುದನ್ನು ಜಗತ್ತಿಗೆ ತೋರಿಸಿತು. ರಕ್ತ ಎಷ್ಟು ಹೋಯಿತೆಂದು ಕಣ್ಣಂದಾಜಿನಲ್ಲಿ ಹೇಳದೆ, ತಾಯಿಯ ಕೆಳಗೆ ಹಾಸಿದ ಅಳತೆಗೆರೆಗಳ ಪ್ಲಾಸ್ಟಿಕ್ ಚೀಲದಲ್ಲಿ ಸಂಗ್ರಹಿಸಿ ಅಳೆಯುವ ಕ್ರಮವೂ ಆ ಅಧ್ಯಯನದಲ್ಲಿತ್ತು. ಇದೇ ಬಗೆಯ ಅಳತೆ ಹಾಸನ್ನು ಬಳಸಿ, ರಕ್ತಸ್ರಾವವನ್ನು ಬೇಗ ಗುರುತಿಸಿ ಚಿಕಿತ್ಸೆಯ ಎಲ್ಲ ಹೆಜ್ಜೆಗಳನ್ನೂ ಒಟ್ಟಿಗೇ ಆರಂಭಿಸಿದರೆ ತೀವ್ರ ಪರಿಣಾಮಗಳು ಶೇ. 60ರಷ್ಟು ಕಡಿಮೆಯಾಗುತ್ತವೆಂದು 2023ರಲ್ಲಿ ಕೆನ್ಯಾ, ನೈಜೀರಿಯಾ, ತಾಂಜಾನಿಯಾ ಮತ್ತು ದಕ್ಷಿಣ ಆಫ್ರಿಕದ ಆಸ್ಪತ್ರೆಗಳ ದೊಡ್ಡ ಅಧ್ಯಯನ ತೋರಿಸಿಕೊಟ್ಟಿತು. ಖಾನಾಪುರ ತಾಲ್ಲೂಕಿನ ಕಾಡಂಚಿನ ಕೇಂದ್ರದಲ್ಲಿ ನನ್ನೊಂದಿಗಿದ್ದ ಹಿರಿಯ ಎಎನ್‌ಎಂಗಳಿಂದ, ಮಳೆಗಾಲದ ರಾತ್ರಿ ಕರೆಂಟು ಹೋದಾಗ ಟಾರ್ಚಿನ ಬೆಳಕಿನಲ್ಲಿ ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಅಂಗೈಯಿಂದಲೇ ತಿಳಿಯುವುದನ್ನು ನಾನು ಕಲಿತಿದ್ದೆ. ಮಲಾವಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಅಂಗೈಯ ವಿದ್ಯೆಯೇ. ಆದ್ದರಿಂದ ಹೊರದೇಶಕ್ಕೆ ಹೋಗಬಯಸುವವರು ಮೊದಲು ಇಲ್ಲಿಯ ಹಳ್ಳಿ ಕೇಂದ್ರವೊಂದರಲ್ಲಿ ರಾತ್ರಿ ಪಾಳಿ ಮಾಡಿ ಬರಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಕಾಗದಪತ್ರಗಳ ವಿಷಯ ಬೇಸರದ್ದಾದರೂ ಅದನ್ನು ಬೇಗ ಆರಂಭಿಸಬೇಕು. ಯಾವ ದೇಶದಲ್ಲಾಗಲಿ ರೋಗಿಯನ್ನು ಮುಟ್ಟುವ ಮೊದಲು ಅಲ್ಲಿಯ ಶುಶ್ರೂಷಾ ಪರಿಷತ್ತಿನ ನೋಂದಣಿ ಬೇಕು. ಅದಕ್ಕೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ದೃಢೀಕರಣ, ಪದವಿ ಪತ್ರಗಳ ಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ (ಹೊರದೇಶದಲ್ಲಿ ಮಾನ್ಯವಾಗುವ ದೃಢೀಕರಣ) ಮುದ್ರೆ, ಪೊಲೀಸ್ ಪರಿಶೀಲನಾ ಪತ್ರ ಇವೆಲ್ಲ ಒಂದರ ಹಿಂದೆ ಒಂದು ಆಗಬೇಕಾದವು. ಸ್ವಯಂಸೇವೆಯೆಂದ ಮಾತ್ರಕ್ಕೆ ನೋಂದಣಿಯಿಲ್ಲದೆ ಕೆಲಸ ಮಾಡಬಹುದೆಂದು ಯಾರಾದರೂ ಹೇಳಿದರೆ ಅಂಥವರೊಂದಿಗೆ ಹೋಗಲೇಬೇಡಿ. ಹಳದಿ ಜ್ವರವಿರುವ ದೇಶಗಳ ಪಟ್ಟಿಯಲ್ಲಿ ಮಲಾವಿ ಇಲ್ಲ, ಆದರೆ ಅನೇಕ ವಿಮಾನಗಳು ಹಾಯ್ದು ಹೋಗುವ ಇಥಿಯೋಪಿಯಾ ಆ ಪಟ್ಟಿಯಲ್ಲಿದೆ. ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡರೆ ಆ ಪ್ರಮಾಣಪತ್ರ ಈಗ ಜೀವಮಾನವಿಡೀ ನಡೆಯುತ್ತದೆ. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಮುಗಿದಿರಲಿ. ಎಚ್‌ಐವಿ ಹೆಚ್ಚಿರುವ ದೇಶದಲ್ಲಿ ಹೆರಿಗೆ ಮಾಡಿಸುವವರು, ಸೂಜಿ ಚುಚ್ಚಿದರೆ 72 ಗಂಟೆಯೊಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕಾದ ಸೋಂಕು ತಡೆ ಔಷಧ ಆ ಆಸ್ಪತ್ರೆಯಲ್ಲಿ ಯಾರ ಬಳಿ, ಯಾವ ಬೀರುವಿನಲ್ಲಿದೆ ಎಂಬುದನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಬೇಕು.

ಅಲ್ಲಿಗೆ ಹೋದ ಮೇಲೆ ನನ್ನ ಮನಸ್ಸನ್ನು ತುಂಬಿದ್ದು ಬಡತನವಲ್ಲ, ಅಲ್ಲಿಯವರ ಕೌಶಲ. ವೈದ್ಯರ ಸಂಖ್ಯೆ ತೀರ ಕಡಿಮೆಯಿರುವ ಮಲಾವಿಯ ಜಿಲ್ಲಾ ಆಸ್ಪತ್ರೆಗಳಲ್ಲಿ ಬಹುಪಾಲು ಸಿಸೇರಿಯನ್ ಶಸ್ತ್ರಚಿಕಿತ್ಸೆಗಳನ್ನು ಮಾಡುವವರು ಎಂಬಿಬಿಎಸ್ ವೈದ್ಯರಲ್ಲ, ಅದಕ್ಕಾಗಿಯೇ ತರಬೇತಿ ಪಡೆದ ಕ್ಲಿನಿಕಲ್ ಆಫೀಸರ್‌ಗಳು. ಎಚ್‌ಐವಿ ಸೋಂಕಿರುವ ಪ್ರತಿಯೊಬ್ಬ ಗರ್ಭಿಣಿಗೂ ಬೇರೆ ಪರೀಕ್ಷೆಗಾಗಿ ಕಾಯದೆ ಜೀವನಪರ್ಯಂತ ಔಷಧ ಆರಂಭಿಸುವ ಪದ್ಧತಿಯನ್ನು 2011ರಲ್ಲಿ ಜಗತ್ತಿನಲ್ಲಿ ಮೊದಲು ದೇಶದಾದ್ಯಂತ ಜಾರಿಗೆ ತಂದದ್ದು ಇದೇ ಪುಟ್ಟ ದೇಶ. ಉಸಿರಾಟದ ತೊಂದರೆಯಿರುವ ನವಜಾತ ಶಿಶುಗಳಿಗಾಗಿ ಮೂಗಿನ ಮೂಲಕ ಒತ್ತಡದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ, ಕಡಿಮೆ ವೆಚ್ಚದ ಬಬಲ್ ಸಿಪ್ಯಾಪ್ ಯಂತ್ರವನ್ನು ಬ್ಲಾಂಟೈರ್ ನಗರದ ಕ್ವೀನ್ ಎಲಿಜಬೆತ್ ಆಸ್ಪತ್ರೆಯಲ್ಲಿ ಪರೀಕ್ಷಿಸಿ ನಂತರ ದೇಶದ ಇತರ ಆಸ್ಪತ್ರೆಗಳಿಗೆ ಹಬ್ಬಿಸಿದ್ದರು; ಅದನ್ನು ಶುಶ್ರೂಷಕಿಯರೇ ನಿಭಾಯಿಸುತ್ತಿದ್ದುದನ್ನು ನೋಡಿ, ಅವರ ಪಕ್ಕದಲ್ಲಿ ನಿಂತು ನಾನು ಕಲಿತೆ. ಕಲಿಸಲು ಹೋಗುತ್ತಿದ್ದೇನೆ ಎಂಬ ಭಾವನೆಯಿಂದಲೇ ವಿಮಾನ ಹತ್ತುವವರು ಈ ಮಾತುಗಳನ್ನು ಹೊರಡುವ ಮೊದಲೇ ತಿಳಿದಿರುವುದು ಒಳ್ಳೆಯದು.

ಹಾಗಾದರೆ ನಾವು ಕೊಡಬಹುದಾದದ್ದೇನು? ಒಂದೇ ಪಾಳಿಯಲ್ಲಿ ಒಬ್ಬಿಬ್ಬರು ಶುಶ್ರೂಷಕಿಯರು ಇಡೀ ವಿಭಾಗವನ್ನು ನೋಡಿಕೊಳ್ಳುವ ಕಡೆ ಹೆಚ್ಚುವರಿ ಎರಡು ಕೈಗಳು ನಿಜಕ್ಕೂ ದೊಡ್ಡವು. ಆದರೆ ಆ ಕೈಗಳು ಒಂದು ದಿನ ಹೊರಟುಹೋಗುವಂಥವು ಎಂಬುದನ್ನು ಮೊದಲ ದಿನದಿಂದಲೇ ನೆನಪಿನಲ್ಲಿಟ್ಟು ಕೆಲಸವನ್ನು ಹೊಂದಿಸಿಕೊಳ್ಳಬೇಕು. ನಮ್ಮಲ್ಲಿ ಪರಿಚಿತವಾಗಿರುವ, ಮಗು ಅಳದಿದ್ದರೆ ಮೊದಲ ಒಂದು ನಿಮಿಷದೊಳಗೆ ಚೀಲ ಮತ್ತು ಮುಖವಾಡದಿಂದ ಉಸಿರು ತುಂಬುವ ಅಭ್ಯಾಸವನ್ನು ಗೊಂಬೆಯ ಮೇಲೆ ಮಾಡಿ ತೋರಿಸುವುದು ನನ್ನ ಪಾಲಿಗೆ ಬಂತು. ಇದಕ್ಕಾಗಿ ಸಭಾಂಗಣ, ಫಲಕ, ಉಪಾಹಾರಗಳ ಕಾರ್ಯಾಗಾರ ನಡೆಸೋಣವೆಂದು ಹೊರಗಿನವರು ಸೂಚಿಸಿದಾಗ, ಅಲ್ಲಿಯ ಮುಖ್ಯ ಶುಶ್ರೂಷಕಿ ಒಪ್ಪದೆ, ಪಾಳಿ ಬದಲಾಗುವ ಹೊತ್ತಿನಲ್ಲಿ ಹೋಗುವವರೂ ಬರುವವರೂ ಇಬ್ಬರೂ ಇರುವಾಗ ಹತ್ತು ನಿಮಿಷ ಸಾಕೆಂದರು. ಅವರ ನಿರ್ಧಾರವೇ ಸರಿಯಾದದ್ದು. ಒಂದೊಂದು ದಿನ ಒಬ್ಬೊಬ್ಬರು ಗೊಂಬೆಯನ್ನು ಕೈಗೆತ್ತಿಕೊಂಡರು. ಕೆಲವು ವಾರಗಳ ನಂತರ ನಾನು ಹಿಂದೆ ಸರಿದು ನಿಂತೆ, ಅವರೇ ಒಬ್ಬರಿಗೊಬ್ಬರು ತಿದ್ದಿ ಹೇಳತೊಡಗಿದರು.

ಭಾಷೆಯ ವಿಷಯದಲ್ಲಿ ಬೆಳಗಾವಿಯವರಿಗೆ ಒಂದು ಅನುಕೂಲವಿದೆ. ಕನ್ನಡ, ಮರಾಠಿ, ಹಿಂದಿ, ಉರ್ದು ಮಾತನಾಡುವ ತಾಯಂದಿರು ಒಂದೇ ವಾರ್ಡಿನಲ್ಲಿರುವುದರಿಂದ, ಪೂರ್ತಿ ಬಾರದ ಭಾಷೆಯಲ್ಲಿಯೂ ಧೈರ್ಯ ಹೇಳುವ ಅಭ್ಯಾಸ ನಮಗೆ ಆಗಿಬಿಟ್ಟಿರುತ್ತದೆ. ಮಲಾವಿಯಲ್ಲಿ ದಾಖಲೆಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ, ತಾಯಂದಿರು ಮಾತ್ರ ಅಲ್ಲಿಯ ಜನಭಾಷೆಯಾದ ಚಿಚೆವಾದಲ್ಲಿ ನರಳುತ್ತಾರೆ. ಉಸಿರು ಬಿಡು, ಈಗ ಮುಕ್ಕಬೇಡ, ಎಲ್ಲಿ ನೋವು, ಮಗು ಚೆನ್ನಾಗಿದೆ ಎಂಬಂಥ ಮಾತುಗಳನ್ನು ಹೊರಡುವ ಮೊದಲೇ ಧ್ವನಿಮುದ್ರಣ ಕೇಳಿ ಬಾಯಿಪಾಠ ಮಾಡಿಕೊಂಡದ್ದು ನನಗೆ ಬಹಳ ನೆರವಾಯಿತು. ರೋಗಿಯ ಜೊತೆಗೆ ಬಂದು ಅಡುಗೆ ಮಾಡಿ ಹಾಕುವ ತಾಯಿ, ಅತ್ತೆ, ಅಕ್ಕಂದಿರು ಅಲ್ಲಿಯೂ ಇದ್ದಾರೆ. ಅವರಿಗಾಗಿ ಆಸ್ಪತ್ರೆಯ ಆವರಣದಲ್ಲಿ ಪ್ರತ್ಯೇಕ ತಂಗುದಾಣವೇ ಇರುತ್ತದೆ. ಪಾಳಿ ಮುಗಿದ ಮೇಲೆ ಅಲ್ಲಿಗೆ ಹೋಗಿ ಕ್ಷೇಮ ವಿಚಾರಿಸಿ ಬಂದರೆ, ವಾರ್ಡಿನಲ್ಲಿ ಕೇಳಿ ತಿಳಿಯಲಾಗದ ಎಷ್ಟೋ ಸಂಗತಿಗಳು, ಯಾರು ಎಷ್ಟು ದೂರ ನಡೆದು ಬಂದರು, ಯಾರ ಮನೆಯಲ್ಲಿ ಹೆರಿಗೆಗೆ ಹೊರಡಲು ತಡವಾಯಿತು ಎಂಬುದೆಲ್ಲ ತಾನಾಗಿ ತಿಳಿಯುತ್ತಿತ್ತು.

ಸಾವಿನ ಮಾತನ್ನೂ ಇಲ್ಲಿ ಹೇಳಲೇಬೇಕು. ನಮ್ಮ ರಾಜ್ಯದಲ್ಲಿ ತಾಯಂದಿರ ಸಾವಿನ ಪ್ರಮಾಣ 2018-20ರ ಅಂದಾಜಿನಂತೆ ಒಂದು ಲಕ್ಷ ಜೀವಂತ ಜನನಗಳಿಗೆ 69ಕ್ಕೆ ಇಳಿದಿದ್ದು, ಇಲ್ಲಿ ಕೆಲಸಕ್ಕೆ ಸೇರಿದ ಕಿರಿಯರು ತಮ್ಮ ಕಣ್ಣೆದುರು ತಾಯಿಯ ಸಾವನ್ನು ಕಂಡಿರುವುದು ಅಪರೂಪ. ಅಲ್ಲಿ ಕಾಣಬೇಕಾಗುತ್ತದೆ, ಅದೂ ಇಲ್ಲಿದ್ದರೆ ಉಳಿಯುತ್ತಿದ್ದಳು ಎಂದು ಮನಸ್ಸು ಕೂಗುವಂಥ ಸಾವನ್ನು. ಆ ಮಾತನ್ನು ಅಲ್ಲಿಯ ಸಹೋದ್ಯೋಗಿಗಳ ಮುಂದೆ ಎಂದಿಗೂ ಆಡಬಾರದು. ಅವರು ಅದನ್ನು ನಮಗಿಂತ ಚೆನ್ನಾಗಿ ಬಲ್ಲರು, ಮರುದಿನವೂ ಅದೇ ಕೋಣೆಗೆ ಬರುವವರು ಅವರೇ. ಸಾವಿನ ಪರಾಮರ್ಶೆ ಸಭೆಯಲ್ಲಿ ಕುಳಿತು ಎಲ್ಲಿ ತಡವಾಯಿತು ಎಂಬುದನ್ನು ಅವರೊಂದಿಗೆ ಹುಡುಕುವುದೊಂದೇ ನಮಗೆ ಉಳಿಯುವ ಕೆಲಸ. ಊರಿನಲ್ಲಿ ಫೋನಿನಲ್ಲಿ ಮನಬಿಚ್ಚಿ ಮಾತನಾಡಲು ನಮ್ಮದೇ ವೃತ್ತಿಯ ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡು ಹೋಗಿ. ಮನೆಯವರಿಗೆ ಅದನ್ನೆಲ್ಲ ಹೇಳಿ ಹೆದರಿಸಲಾಗದು.

ಮರಳುವಾಗ ಮಲೇರಿಯಾ ತಡೆ ಮಾತ್ರೆಗಳನ್ನು ವಿಮಾನ ಇಳಿದ ದಿನವೇ ನಿಲ್ಲಿಸಬೇಡಿ; ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವವರು ಇನ್ನೂ 4 ವಾರ ಮುಂದುವರಿಸಬೇಕು. ಬಂದ ನಂತರದ ತಿಂಗಳುಗಳಲ್ಲಿ ಜ್ವರ ಬಂದರೆ, ವೈದ್ಯರು ಕೇಳಲಿ ಬಿಡಲಿ, ಆಫ್ರಿಕದಿಂದ ಬಂದವರೆಂದು ಮೊದಲು ಹೇಳಿ ಅಂದೇ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ, ಏಕೆಂದರೆ ಅಲ್ಲಿಯ ಫಾಲ್ಸಿಪಾರಮ್ ಮಲೇರಿಯಾ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಎರವಾಗಬಲ್ಲದು. ನಿಮ್ಮ ನೋಟ್‌ಬುಕ್ಕಿನ ಪಟ್ಟಿಯನ್ನು, ಅಲ್ಲಿ ಕಂಡಂತೆ ತಿದ್ದಿ, ಮುಂದೆ ಅದೇ ಆಸ್ಪತ್ರೆಗೆ ಹೋಗುವವರಿಗೆ ಒಪ್ಪಿಸಿ; ನನ್ನದು ಈಗ ನಮ್ಮ ವಾರ್ಡಿನ ಒಬ್ಬ ಹುಡುಗಿಯ ಬಳಿ ಇದೆ, ಆಕೆ ಸದ್ಯ ಖಾನಾಪುರದಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಾಳೆ.